ಬಾನನ್ನೆಲ್ಲ ಹಿಡಿದ ಮೀನಗಣ್ಣು

ಬಾನು, ಆಗಸ, ಮುಗಿಲು, ಗಗನ, ಅಂಬರ, ವ್ಯೋಮ, ನಭ - ಆಕಾಶಕ್ಕೆ ನಮ್ಮ ಹಿರಿಯರು ಇಟ್ಟ ಹೆಸರುಗಳಿಗೆ ಕೊರತೆಯಿಲ್ಲ. ಆದರೆ ಇಷ್ಟು ಹೆಸರುಗಳಿಂದ ಕರೆದ ಆ ಆಕಾಶವನ್ನು ಇಡಿಯಾಗಿ, ಒಂದೇ ನೋಟಕ್ಕೆ ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಮನುಷ್ಯನ ಕಣ್ಣಿನ ರಚನೆಯೇ ಹಾಗಿದೆ. ಪೂರ್ವದ ಕಡೆ ಮುಖ ಮಾಡಿ ನಿಂತರೆ ಪಶ್ಚಿಮವು ಬೆನ್ನ ಹಿಂದಿರುತ್ತದೆ. ಅಂಗಳದಲ್ಲಿ ಚಾಪೆ ಹಾಸಿ ಅಂಗಾತ ಮಲಗಿದರೂ ನೆತ್ತಿಯ ಮೇಲಿನ ತುಂಡು ಮಾತ್ರ ಸ್ಪಷ್ಟವಾಗಿ ಕಾಣುತ್ತದೆಯೇ ಹೊರತು ಅಂಚುಗಳು ಕಾಣುವುದಿಲ್ಲ. “ಅಗೋ, ನಕ್ಷತ್ರ ಬಿತ್ತು!” ಎಂದು ಒಬ್ಬರು ಕೂಗಿ, ಪಕ್ಕದವರು ತಿರುಗಿ ನೋಡುವಷ್ಟರಲ್ಲಿ ಅಲ್ಲಿ ಏನೂ ಉಳಿದಿರುವುದಿಲ್ಲ.

ಈ ಕೊರತೆಯನ್ನು ತುಂಬಲು ಹುಟ್ಟಿದ ಉಪಕರಣವೊಂದಿದೆ. ದಿಗಂತದಿಂದ ದಿಗಂತದವರೆಗೆ, ಎಂಟು ದಿಕ್ಕುಗಳನ್ನೂ ಖಮಧ್ಯವನ್ನೂ ಒಂದೇ ವೃತ್ತದೊಳಗೆ ಚಿತ್ರಿಸುವ ಇದನ್ನು ನಾವು ಸರ್ವಾಕಾಶ ಕ್ಯಾಮರಾ ಎಂದು ಕರೆಯೋಣ. ಇಂದು ಇದನ್ನು ಮನೆಯ ತಾರಸಿಯ ಮೇಲೆ ಸ್ವಂತ ಕೈಯಿಂದ ಕಟ್ಟಿಕೊಳ್ಳುವವರು ಲೋಕದ ಅನೇಕ ಊರುಗಳಲ್ಲಿದ್ದಾರೆ. ವಿಚಾರ ಮಾಡಿ ನೋಡಿದರೆ ಇದರ ಚರಿತ್ರೆ ಆರಂಭವಾದದ್ದೂ ಮನೆಯ ಸಾಮಾನಿನಿಂದಲೇ, ನೀರು ತುಂಬಿದ ಒಂದು ಬಕೀಟಿನಿಂದ.

ಕೆರೆಯ ತಳದಲ್ಲಿರುವ ಮೀನಿಗೆ ಮೇಲಿನ ಲೋಕ ಹೇಗೆ ಕಾಣುತ್ತದೆ? ಇದು ಮಕ್ಕಳ ಒಗಟಿನಂತೆ ತೋರಬಹುದು. ಆದರೆ ಉತ್ತರ ಗಂಭೀರವಾದದ್ದು. ಗಾಳಿಯಿಂದ ನೀರಿಗೆ ಇಳಿಯುವ ಬೆಳಕಿನ ಕಿರಣ ಬಾಗುತ್ತದೆ. ನೀರಿನ ಲೋಟದಲ್ಲಿಟ್ಟ ಚಮಚ ಮುರಿದಂತೆ ಕಾಣುವುದು ಇದರಿಂದಲೇ. ನೆತ್ತಿಯಿಂದ ನೇರವಾಗಿ ಬಂದ ಕಿರಣ ಬಾಗುವುದಿಲ್ಲ; ಓರೆಯಾದಷ್ಟೂ ಹೆಚ್ಚು ಬಾಗುತ್ತದೆ. ದಿಗಂತವನ್ನು ಸವರಿಕೊಂಡು ಬಂದ ಕಿರಣವು ನೀರೊಳಗೆ ಲಂಬರೇಖೆಗೆ ಸುಮಾರು ೪೮ ಡಿಗ್ರಿಯಷ್ಟು ಹತ್ತಿರಕ್ಕೆ ಬಂದುಬಿಡುತ್ತದೆ. ಹೀಗಾಗಿ ೧೮೦ ಡಿಗ್ರಿಯ ಆಕಾಶವೆಲ್ಲ ಮೀನಿನ ಕಣ್ಣಿಗೆ ಸುಮಾರು ೯೭ ಡಿಗ್ರಿಯ ಒಂದು ದುಂಡು ಕಿಟಕಿಯೊಳಗೆ ಅಡಕವಾಗಿ ಕಾಣುತ್ತದೆ. ದಡದ ಮರ, ದಡದಲ್ಲಿ ಗಾಳ ಹಿಡಿದು ಕುಳಿತವನು, ಮೇಲೆ ಹಾರುವ ಕೊಕ್ಕರೆ, ಎಲ್ಲವೂ ಆ ಕಿಟಕಿಯಲ್ಲಿವೆ.

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ವಿಲಿಯಮ್ಸ್ ವುಡ್ ಎಂಬವರು ಇದನ್ನು ಚಿತ್ರದಲ್ಲಿ ಹಿಡಿದು ತೋರಿಸಬೇಕೆಂದು ಹೊರಟರು. ಬಕೀಟಿನ ತಳದಲ್ಲಿ ಛಾಯಾಫಲಕ, ಅರ್ಧ ಎತ್ತರದಲ್ಲಿ ಸೂಜಿರಂಧ್ರವುಳ್ಳ ಒಂದು ಸಣ್ಣ ಮಸೂರ, ಕಂಠದವರೆಗೆ ನೀರು, ನೀರು ಅಲುಗಾಡದಂತೆ ಬಾಯಿಯ ಮೇಲೊಂದು ಗಾಜಿನ ಹಲಗೆ - ಇಷ್ಟೇ ಅವರ ಕ್ಯಾಮರಾ. ೧೯೦೬ರಲ್ಲಿ ಅವರು ಇದರ ವಿವರವನ್ನು ಪ್ರಕಟಿಸಿ, ಇಂಥ ಚಿತ್ರಕ್ಕೆ ‘ಮೀನಗಣ್ಣಿನ ನೋಟ’ ಎಂದು ಹೆಸರಿಟ್ಟರು. ಇಂದಿಗೂ ಛಾಯಾಚಿತ್ರಕಾರರು ಬಹು ವಿಶಾಲವಾದ ನೋಟದ ಮಸೂರವನ್ನು ಮೀನಗಣ್ಣು ಎಂದೇ ಕರೆಯುತ್ತಾರೆ. ಹೆಸರು ಉಳಿಯಿತು, ಬಕೀಟು ಮರೆಯಾಯಿತು.

ಮಸೂರ ಎಂಬ ಮಾತಿನ ಮೇಲೆ ಒಂದು ಸಣ್ಣ ಟಿಪ್ಪಣಿ ಸಲ್ಲುತ್ತದೆ. ಅದು ನಮ್ಮ ಅಡಿಗೆಮನೆಯ ಮಸೂರ ಬೇಳೆಯ ಹೆಸರು. ಲ್ಯಾಟಿನ್ನಿನ ‘ಲೆನ್ಸ್’ ಎಂಬುದೂ ಅದೇ ಬೇಳೆಯ ಹೆಸರೇ. ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾದ ಗಾಜಿಗೆ ಬೇಳೆಯ ಹೆಸರನ್ನು ಅವರೂ ಇಟ್ಟರು, ನಮ್ಮವರೂ ಇಟ್ಟರು.

ನಮ್ಮ ಶಾಲೆಯಲ್ಲಿ ವುಡ್ ಅವರ ಬಕೀಟಿನ ವಿಷಯ ಹೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಆ ಬಕೀಟಿನಲ್ಲಿ ನಕ್ಷತ್ರಗಳು ಬೀಳುತ್ತಿದ್ದವೆ?” ಎಂದು ಕೇಳಿದಳು. ಬಹಳ ಸರಿಯಾದ ಪ್ರಶ್ನೆ. ಸೂಜಿರಂಧ್ರದಿಂದ ಒಳಗೆ ಬರುವ ಬೆಳಕು ತೀರ ಸ್ವಲ್ಪ. ಹಗಲಿನ ಬೆಳಕಿಗೆ ಅದು ಸಾಕು, ನಕ್ಷತ್ರಗಳಿಗೆ ಸಾಲದು. ಇರುಳ ಬಾನನ್ನು ಹಿಡಿಯಲು ಬೆಳಕನ್ನು ಹೆಚ್ಚಾಗಿ ಕೂಡಿಸಿಕೊಡುವ ಗಾಜಿನ ಕಣ್ಣೇ ಬೇಕು. ಮುಂದಿನ ಕೆಲವು ವರ್ಷಗಳ ಕಥೆ ಆ ಗಾಜಿನ ಕಣ್ಣಿನದು.

೧೯೨೨ರಲ್ಲಿ ಇಂಗ್ಲೆಂಡಿನ ಡಬ್ಲ್ಯೂ. ಎನ್. ಬಾಂಡ್ ಎಂಬವರು ನೀರನ್ನು ಚೆಲ್ಲಿ, ಅದರ ಜಾಗದಲ್ಲಿ ಅರೆಗೋಳದ ಗಾಜನ್ನಿಟ್ಟರು. ಎರಡು ವರ್ಷಗಳ ಮೇಲೆ, ೧೯೨೪ರಲ್ಲಿ, ಕೇಂಬ್ರಿಜ್‌ನ ರಾಬಿನ್ ಹಿಲ್ ಎಂಬ ತರುಣ ಹೊರಮೈ ಉಬ್ಬಿ ಒಳಮೈ ತಗ್ಗಾದ ದೊಡ್ಡ ಗಾಜೊಂದನ್ನು ಮುಂದಿಟ್ಟು, ಅದರ ಹಿಂದೆ ಬೇರೆ ಮಸೂರಗಳನ್ನು ಜೋಡಿಸಿ ಇಡೀ ಆಕಾಶದ ಚಿತ್ರ ತೆಗೆಯುವ ಮಸೂರವನ್ನು ವರ್ಣಿಸಿದ. ಲಂಡನ್ನಿನ ಬೆಕ್ ಕಂಪೆನಿ ಅದನ್ನು ತಯಾರಿಸಿತು. ಆಗ ಆತನ ಪ್ರಾಯ ಇಪ್ಪತ್ತೈದರ ಆಸುಪಾಸು. ಮೋಡಗಳ ಅಧ್ಯಯನಕ್ಕೆ ಅದು ಬೇಕಾಗಿತ್ತು. ಹಿಲ್ ಮುಂದೆ ಜಗತ್ಪ್ರಸಿದ್ಧನಾದದ್ದು ಮಾತ್ರ ಬೇರೊಂದು ಕಾರಣಕ್ಕೆ. ಹಸಿರೆಲೆಗಳು ಬೆಳಕಿನಿಂದ ಆಮ್ಲಜನಕವನ್ನು ಬಿಡುಗಡೆ ಮಾಡುವ ಕ್ರಿಯೆಯನ್ನು ಆತ ೧೯೩೦ರ ದಶಕದ ಕೊನೆಯಲ್ಲಿ ಬಿಡಿಸಿ ತೋರಿಸಿದ. ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಅದನ್ನು ‘ಹಿಲ್ ಕ್ರಿಯೆ’ ಎಂದೇ ಓದುತ್ತಾರೆ. ಎಲೆಯ ಒಳಗನ್ನು ನೋಡಿದ ಮನುಷ್ಯನೇ ಆಕಾಶದ ಪೂರ್ಣಮುಖವನ್ನೂ ನೋಡಲು ದಾರಿ ಮಾಡಿದ ಎಂಬುದು ಚರಿತ್ರೆಯ ಒಂದು ಸೊಗಸು.

ಒಳ್ಳೆಯ ಮೀನಗಣ್ಣಿನ ಮಸೂರಕ್ಕೆ ಬೆಲೆ ಹೆಚ್ಚು. ಅದಕ್ಕೆ ಬದಲಾಗಿ ಇನ್ನೊಂದು ಉಪಾಯ ರೂಢಿಗೆ ಬಂತು. ಉಬ್ಬುಗನ್ನಡಿಯೊಂದನ್ನು ನೆಲದ ಮೇಲೆ ಅಂಗಾತ ಇಟ್ಟರೆ ಅದರಲ್ಲಿ ಬಾನೆಲ್ಲ ಪ್ರತಿಬಿಂಬಿಸುತ್ತದೆ. ಥಳಥಳಿಸುವ ಹಿತ್ತಾಳೆ ಬಿಂದಿಗೆಯ ಹೊಟ್ಟೆಯಲ್ಲಿ ಇಡೀ ಅಡಿಗೆಮನೆ ಪುಟ್ಟದಾಗಿ ಕಾಣುವುದಿಲ್ಲವೆ? ಹಾಗೆಯೇ. ಆ ಕನ್ನಡಿಯನ್ನು ಮೇಲಿನಿಂದ ನೋಡುವಂತೆ ಸಾಮಾನ್ಯ ಕ್ಯಾಮರಾವನ್ನು ಕಾಲುಗಳ ಮೇಲೆ ನಿಲ್ಲಿಸಿದರೆ ಕೆಲಸವಾಯಿತು. ಕ್ಯಾಮರಾದ ಸ್ವಂತ ನೆರಳೇ ಚಿತ್ರದ ನಡುವೆ ಕಪ್ಪು ಚುಕ್ಕೆಯಾಗಿ ಬೀಳುತ್ತದೆ, ಅಷ್ಟೇ ನಷ್ಟ.

ಈ ಉಪಕರಣದ ದೊಡ್ಡ ಪರೀಕ್ಷೆ ನಡೆದದ್ದು ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ. ೧೯೫೭ರ ಜುಲೈ ೧ರಿಂದ ೧೯೫೮ರ ಡಿಸೆಂಬರ್ ೩೧ರವರೆಗೆ, ಅಂದರೆ ಹದಿನೆಂಟು ತಿಂಗಳು, ಅರುವತ್ತಕ್ಕೂ ಮಿಕ್ಕಿದ ದೇಶಗಳು ಒಟ್ಟಾಗಿ ಭೂಮಿಯನ್ನೂ ಅದರ ವಾತಾವರಣವನ್ನೂ ಪರಿಶೀಲಿಸಿದವು. ನಮ್ಮ ದೇಶವೂ ಸೇರಿತ್ತು; ಕೋಡೈಕನಾಲಿನ ವೀಕ್ಷಣಾಲಯ ಸೂರ್ಯನನ್ನು ನೋಡುವ ಕೆಲಸದಲ್ಲಿ ಭಾಗಿಯಾಗಿತ್ತು. ಆ ಅವಧಿಯಲ್ಲಿ ಸೂರ್ಯನ ಕಲೆಗಳ ಸಂಖ್ಯೆ, ದಾಖಲೆ ಇಟ್ಟ ಕಾಲದಿಂದ ಅದುವರೆಗೆ ಕಾಣದಷ್ಟು ಏರಿತ್ತು. ಉತ್ತರ ದಕ್ಷಿಣ ಧ್ರುವಗಳ ಸುತ್ತ ಅಲಾಸ್ಕ, ಕೆನಡ, ಸ್ಕ್ಯಾಂಡಿನೇವಿಯ, ಸೈಬೀರಿಯ, ಅಂಟಾರ್ಕ್ಟಿಕ ಪ್ರದೇಶಗಳಲ್ಲಿ ನೂರಕ್ಕೂ ಹೆಚ್ಚು ಸರ್ವಾಕಾಶ ಕ್ಯಾಮರಾಗಳು, ಸಾಮಾನ್ಯವಾಗಿ ನಿಮಿಷಕ್ಕೊಂದರಂತೆ, ರಾತ್ರಿಯಿಡೀ ಚಿತ್ರ ತೆಗೆದವು. ಅವುಗಳ ಗುರಿ ಧ್ರುವಪ್ರಭೆ. ಧ್ರುವಪ್ರದೇಶದ ಇರುಳಿನಲ್ಲಿ ಹಸಿರು ಕೆಂಪು ಬೆಳಕಿನ ಪರದೆಗಳು ತೂಗಾಡುವ ಆ ವೈಭವವನ್ನು ಅಲ್ಲಿಯವರೆಗೆ ಒಂದೊಂದು ಊರಿನವರು ಒಂದೊಂದು ತುಂಡಾಗಿ ಕಂಡಿದ್ದರು. ಕುರುಡರು ಆನೆಯನ್ನು ಮುಟ್ಟಿ ನೋಡಿದ ಹಾಗೆ.

ಫಿಲ್ಮಿನ ಸುರುಳಿಗಳು ಬೆಟ್ಟದಂತೆ ರಾಶಿ ಬಿದ್ದವು. ಅವನ್ನು ತಾಳ್ಮೆಯಿಂದ ನೋಡಿದವರಿಗೆ ಫಲ ದೊರೆಯಿತು. ರಷ್ಯದ ಯಾಷ ಫೆಲ್ಡ್‌ಸ್ಟೈನ್ ೧೯೬೩ರಲ್ಲಿ ತೋರಿಸಿದ್ದು ಇದು: ಧ್ರುವಪ್ರಭೆಯ ವಲಯವು ಭೂಮಿಯ ಅಯಸ್ಕಾಂತ ಧ್ರುವವನ್ನು ಕೇಂದ್ರವಾಗಿ ಮಾಡಿಕೊಂಡ ವೃತ್ತವಲ್ಲ, ಇರುಳಿರುವ ಕಡೆಗೆ ಜಾರಿದ ಒಂದು ಅಂಡಾಕಾರದ ಉಂಗುರ. ಮಾರನೆಯ ವರ್ಷ, ೧೯೬೪ರಲ್ಲಿ, ಜಪಾನಿನಿಂದ ಅಲಾಸ್ಕಕ್ಕೆ ಹೋಗಿ ಸಿಡ್ನಿ ಚಾಪ್‌ಮನ್ ಎಂಬ ಹಿರಿಯ ವಿದ್ವಾಂಸರ ಕೈಕೆಳಗೆ ಕಲಿತಿದ್ದ ಸ್ಯುನ್-ಇಚಿ ಅಕಸೊಫು, ಬೇರೆಬೇರೆ ಊರುಗಳ ಒಂದೇ ಕ್ಷಣದ ಚಿತ್ರಗಳನ್ನು ಹೊಂದಿಸಿ ನೋಡಿ ಇನ್ನೊಂದು ಸಂಗತಿ ಹೊರಗೆಡವಿದರು. ಶಾಂತವಾಗಿದ್ದ ಬೆಳಕಿನ ಕಮಾನು ಮಧ್ಯರಾತ್ರಿಯ ಕಡೆ ಒಮ್ಮೆಗೇ ಉಜ್ವಲವಾಗಿ, ಧ್ರುವದ ದಿಕ್ಕಿಗೆ ಉಕ್ಕಿ, ಒಡೆದು ಹರಡಿ, ಕೆಲವು ಗಂಟೆಗಳಲ್ಲಿ ಮತ್ತೆ ತಣ್ಣಗಾಗುತ್ತದೆ. ಇಡೀ ಉಂಗುರ ಒಂದೇ ಉಸಿರಿನಲ್ಲಿ ಉಬ್ಬಿ ಇಳಿದಂತೆ! ಮೊದಮೊದಲು ಎಲ್ಲರೂ ಇದನ್ನು ಒಪ್ಪಲಿಲ್ಲ. ೧೯೭೦ರ ದಶಕದಿಂದ ಮುಂದಕ್ಕೆ ಕೃತಕ ಉಪಗ್ರಹಗಳು ಮೇಲಿನಿಂದ ಚಿತ್ರ ತೆಗೆದಾಗ ಆ ಉಂಗುರ ಕಣ್ಣಿಗೆ ಕಟ್ಟಿದಂತೆ ಕಂಡಿತು. ನೆಲದ ಮೇಲೆ ನಿಂತು ಮೇಲೆ ನೋಡಿದ ಕ್ಯಾಮರಾಗಳ ಮಾತು ಸುಳ್ಳಾಗಲಿಲ್ಲ.

ರೇಡಿಯೋ ಕೇಳುವವರಿಗೂ ಈ ವಿಷಯ ದೂರದ್ದೇನಲ್ಲ. ಧ್ರುವಪ್ರಭೆಯನ್ನು ಹೊತ್ತಿಸುವ ಸೂರ್ಯನ ಕೋಪವೇ ನಮ್ಮ ಮೇಲಿನ ಅಯಾನುಗೋಳವನ್ನೂ ಕದಡುತ್ತದೆ. ಹ್ರಸ್ವತರಂಗದ ದೂರದ ನಿಲಯಗಳು ಇದ್ದಕ್ಕಿದ್ದಂತೆ ಮಾಯವಾಗುವುದಕ್ಕೆ ಇದೂ ಒಂದು ಕಾರಣ. ಉಲ್ಕೆಯೊಂದು ಉರಿದು ಹೋದಾಗ ಅದರ ಜಾಡಿನಲ್ಲಿ ಉಳಿಯುವ ಅಯಾನುಗಳು ರೇಡಿಯೋ ತರಂಗಗಳನ್ನು ಪ್ರತಿಫಲಿಸಿ, ದಿಗಂತದಾಚೆಯ ಎಫ್.ಎಂ. ನಿಲಯವೊಂದನ್ನು ಒಂದೆರಡು ಸೆಕೆಂಡು ಕೇಳಿಸಿಬಿಡುವುದೂ ಉಂಟು.

ಉಲ್ಕೆಯ ಮಾತು ಬಂತು. ಸಂಸ್ಕೃತದಲ್ಲಿ ಉಲ್ಕೆ ಎಂದರೆ ಉರಿಯುವ ಕೊಳ್ಳಿ. ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವನ್ನಿಟ್ಟು, ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಗಳನ್ನು ಹೇಳಿದ್ದಾನೆ. ಅವನ ಲಕ್ಷ್ಯ ಶಕುನದ ಕಡೆಗೆ. ಆದರೂ ಬೀಳುವ ಬೆಳಕುಗಳನ್ನು ಆಕಾರ, ಶಬ್ದ, ಗತಿಗಳಿಂದ ವಿಂಗಡಿಸಬೇಕೆಂಬ ಬುದ್ಧಿ ಅಲ್ಲಿದೆ. ಗತಿಯನ್ನು ಅಳೆಯುವ ಸಾಧನ ಮಾತ್ರ ಅವನ ಕಾಲಕ್ಕೆ ಇರಲಿಲ್ಲ.

ಆ ಸಾಧನ ಫಲ ಕೊಟ್ಟದ್ದು ೧೯೫೯ರ ಏಪ್ರಿಲ್ ೭ರ ರಾತ್ರಿ, ಅಂದಿನ ಚೆಕೊಸ್ಲೊವಾಕಿಯ ದೇಶದಲ್ಲಿ. ಒಂದ್ರೆಯೋವ್ ವೀಕ್ಷಣಾಲಯದವರು ಎರಡು ಊರುಗಳಲ್ಲಿ ಉಲ್ಕೆಗಳಿಗಾಗಿ ಕ್ಯಾಮರಾಗಳನ್ನು ತೆರೆದಿಟ್ಟಿದ್ದರು. ಇವು ಇನ್ನೂ ಸರ್ವಾಕಾಶದವಲ್ಲ, ಸಾಮಾನ್ಯ ನೋಟದವು. ಅಂದು ಬಂದದ್ದು ಸಾಧಾರಣ ಉಲ್ಕೆಯಲ್ಲ, ಮಹಾ ಅಗ್ನಿಗೋಳ. ಎರಡು ಕಡೆಗಳಿಂದಲೂ ಚಿತ್ರ ದೊರೆತದ್ದರಿಂದ ಅದರ ಹಾದಿಯನ್ನು ಲೆಕ್ಕ ಹಾಕಲು ಸಾಧ್ಯವಾಯಿತು. ಊರಿನ ಎರಡು ಬೀದಿಗಳಿಂದ ಗೋಪುರದ ಕಲಶವನ್ನು ನೋಡಿ, ಎರಡು ಕೋನಗಳಿಂದ ಅದರ ಎತ್ತರ ಕಟ್ಟುವ ಸರ್ವೆಯವರ ಲೆಕ್ಕವೇ ಇದು. ವೇಗ ತಿಳಿಯಲು ಮಸೂರದ ಮುಂದೆ ಸುತ್ತುವ ಪಟ್ಟಿಯೊಂದನ್ನಿಟ್ಟಿರುತ್ತಾರೆ. ಅದು ಉಲ್ಕೆಯ ಗೆರೆಯನ್ನು ಸಮಕಾಲದ ತುಂಡುಗಳಾಗಿ ಕತ್ತರಿಸುತ್ತದೆ; ತುಂಡು ಉದ್ದವಾದರೆ ವೇಗ ಹೆಚ್ಚು. ಸೆಕೆಂಡಿಗೆ ಸುಮಾರು ೨೧ ಕಿಲೋಮೀಟರಿನಂತೆ ನುಗ್ಗಿದ ಆ ಕಲ್ಲಿನ ನಾಲ್ಕು ಚೂರುಗಳು, ಒಟ್ಟು ಸುಮಾರು ಐದೂವರೆ ಕಿಲೋ ತೂಕದವು, ಪ್ರಿಬ್ರಾಮ್ ಎಂಬ ಊರಿನ ಬಳಿಯ ನೆಲದಲ್ಲಿ ದೊರೆತವು. ಮಂಗಳ ಮತ್ತು ಗುರುಗಳ ನಡುವಿನ ಕ್ಷುದ್ರಗ್ರಹಗಳ ಪಟ್ಟಿಯಿಂದ ಅದು ಬಂದಿತ್ತು. ಕೈಯಲ್ಲಿ ಹಿಡಿದ ಆಕಾಶದ ಕಲ್ಲಿನ ಹಿಂದಿನ ದಾರಿಯನ್ನು ಮನುಷ್ಯನು ಚಿತ್ರಗಳಿಂದ ಹೇಳಿದ್ದು ಅದೇ ಮೊದಲು. ಲೆಕ್ಕ ಮಾಡಿದವರು ಜ್ದೆನೆಕ್ ಚೆಪ್ಲೆಖ.

ಒಮ್ಮೆ ಆದದ್ದು ಅದೃಷ್ಟ. ಮತ್ತೆ ಮತ್ತೆ ಆಗಬೇಕಾದರೆ ಕಾವಲು ಬೇಕು. ೧೯೬೩ರಲ್ಲಿ ಚೆಪ್ಲೆಖ ದೇಶದುದ್ದಕ್ಕೂ ಉಬ್ಬುಗನ್ನಡಿಯ ಸರ್ವಾಕಾಶ ಕ್ಯಾಮರಾಗಳ ಜಾಲವನ್ನು ಆರಂಭಿಸಿದರು. ಬಳಿಕ ಜರ್ಮನಿ ಸೇರಿ ಅದು ಯೂರೋಪಿನ ಜಾಲವಾಯಿತು. ೨೦೦೨ರ ಏಪ್ರಿಲ್ ೬ರಂದು, ಪ್ರಿಬ್ರಾಮ್ ಕಲ್ಲು ಬಿದ್ದು ನಲವತ್ತಮೂರು ವರ್ಷ ತುಂಬಲು ಒಂದು ದಿನವಿರುವಾಗ, ಜರ್ಮನಿಯ ನೊಯ್‌ಶ್ವಾನ್‌ಸ್ಟೈನ್ ಕೋಟೆಯ ಬಳಿ ಇನ್ನೊಂದು ಕಲ್ಲು ಬಿತ್ತು. ಲೆಕ್ಕ ಹಾಕಿದರೆ ಅದು ಬಂದ ಕಕ್ಷೆಯೂ ಪ್ರಿಬ್ರಾಮಿನದ್ದೂ ಬಹುಮಟ್ಟಿಗೆ ಒಂದೇ! ಒಂದೇ ತಾಯಿಯ ಮಕ್ಕಳಿರಬೇಕೆಂದು ಕಲ್ಲುಗಳನ್ನು ಒಡೆದು ನೋಡಿದರೆ ಎರಡರ ಜಾತಿಯೇ ಬೇರೆ. ಒಂದೇ ಬಂಡಿಜಾಡಿನಲ್ಲಿ ಬಂದ ಎರಡು ಊರಿನ ಪಯಣಿಗರಂತೆ. ಕ್ಯಾಮರಾ ಇಲ್ಲದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಇಷ್ಟು ಕಾಲ ಈ ಕೆಲಸ ಸಂಸ್ಥೆಗಳದ್ದಾಗಿತ್ತು. ಅದನ್ನು ಗೃಹಸ್ಥನ ತಾರಸಿಗೆ ತಂದದ್ದು ಎರಡು ವಸ್ತುಗಳು. ಫಿಲ್ಮಿನ ಬದಲು ಬೆಳಕನ್ನು ವಿದ್ಯುತ್ತಾಗಿ ಮಾಡುವ ಸಿಲಿಕಾನ್ ಬಿಲ್ಲೆ ಒಂದು. ೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಇದರ ಕಲ್ಪನೆ ಮೂಡಿಸಿದ ಬಾಯ್ಲ್ ಮತ್ತು ಸ್ಮಿತ್ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅಂಗೈ ಅಗಲದ ಅಗ್ಗದ ಗಣಕಯಂತ್ರ ಇನ್ನೊಂದು; ಇಂಗ್ಲೆಂಡಿನಲ್ಲಿ ಶಾಲಾ ಮಕ್ಕಳಿಗೆಂದು ಯೋಚಿಸಿ ಮಾಡಿದ ರಾಸ್ಪ್‌ಬೆರಿ ಪೈ ೨೦೧೨ರಲ್ಲಿ ಮಾರಾಟಕ್ಕೆ ಬಂತು.

ಮನೆಯಲ್ಲಿ ಕಟ್ಟುವ ಕ್ರಮ ಹೀಗಿದೆ. ನೀರಿನ ದಪ್ಪ ಪಿ.ವಿ.ಸಿ. ಪೈಪಿನ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ, ಒಳಗೆ ಮೀನಗಣ್ಣಿನ ಪುಟ್ಟ ಮಸೂರವುಳ್ಳ ಕ್ಯಾಮರಾವನ್ನು ಮೇಲ್ಮುಖವಾಗಿ ಕೂಡಿಸುತ್ತಾರೆ. ಅದರ ಕೆಳಗೆ ಗಣಕ. ತಲೆಯ ಮೇಲೆ ಪಾರದರ್ಶಕವಾದ ಅಕ್ರಿಲಿಕ್ ಗುಮ್ಮಟ. ಅಂಗಡಿಗಳ ಕಾವಲು ಕ್ಯಾಮರಾಗಳ ಮೇಲಿರುವಂಥದೇ. ಸಂದುಗಳಿಗೆ ಮಳೆನೀರು ಇಳಿಯದಂತೆ ಅಂಟು ಬಳಿದು, ಒಳಗಿನ ತೇವ ಹೀರಲು ಸಿಲಿಕಾ ಹರಳಿನ ಪೊಟ್ಟಣ ಇಡಬೇಕು. ರಸಮಟ್ಟದಿಂದ ನೇರ ನೋಡಿ, ಉತ್ತರ ದಿಕ್ಕಿಗೆ ಗುರುತು ಹಾಕಬೇಕು.

ಮುಖ್ಯ ಶತ್ರು ಇಬ್ಬನಿ. ನಿರ್ಮಲವಾದ ರಾತ್ರಿಯಲ್ಲಿ ಗುಮ್ಮಟ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ. ಬೆಳಗಿನ ಜಾವಕ್ಕೆ ಅದರ ಮೇಲೆ ಹನಿ ಕಟ್ಟಿ ಚಿತ್ರವೆಲ್ಲ ಹಾಲಿನಂತಾಗುತ್ತದೆ. ಗುಮ್ಮಟದ ಬುಡದಲ್ಲಿ ಕೆಲವು ರೆಸಿಸ್ಟರುಗಳನ್ನು ಉಂಗುರವಾಗಿ ಜೋಡಿಸಿ ಸ್ವಲ್ಪ ವಿದ್ಯುತ್ತು ಹಾಯಿಸಿದರೆ ಹುಟ್ಟುವ ಬೆಚ್ಚಗೆಯೇ ಇದಕ್ಕೆ ಸಾಕಾದ ಮದ್ದು.

ನಕ್ಷತ್ರಗಳು ಚಲಿಸುತ್ತವಲ್ಲ, ಕ್ಯಾಮರಾವನ್ನು ಅವುಗಳೊಡನೆ ತಿರುಗಿಸಬೇಡವೆ ಎಂದು ಕೇಳಬಹುದು. ಲೆಕ್ಕ ಮಾಡೋಣ. ಆಕಾಶ ಗಂಟೆಗೆ ೧೫ ಡಿಗ್ರಿ, ಎಂದರೆ ಮೂವತ್ತು ಸೆಕೆಂಡಿಗೆ ಒಂದು ಡಿಗ್ರಿಯ ಎಂಟನೆಯ ಒಂದು ಭಾಗ ಸರಿಯುತ್ತದೆ. ೧೮೦ ಡಿಗ್ರಿಯ ಬಾನು ಸಾವಿರ ಚುಕ್ಕೆಗಳ ಅಗಲದ ಚಿತ್ರವಾದರೆ ಒಂದು ಚುಕ್ಕೆಗೆ ಬರುವುದು ಡಿಗ್ರಿಯ ಸುಮಾರು ಐದರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ನಕ್ಷತ್ರ ತನ್ನ ಚುಕ್ಕೆಯ ಅಗಲವನ್ನು ದಾಟುವ ಮೊದಲೇ ಚಿತ್ರ ಮುಗಿದಿರುತ್ತದೆ. ಆದ್ದರಿಂದ ಯಾವ ಯಂತ್ರಗಾಲಿಯೂ ಬೇಡ.

ಈ ಚಿತ್ರವನ್ನು ಓದುವುದನ್ನೂ ಸ್ವಲ್ಪ ಕಲಿಯಬೇಕು. ಉತ್ತರವನ್ನು ಮೇಲಕ್ಕಿಟ್ಟರೆ ಪೂರ್ವ ಎಡಗಡೆಗೆ ಬರುತ್ತದೆ, ನೆಲದ ಭೂಪಟಕ್ಕೆ ತಿರುಗುಮುರುಗಾಗಿ. ಭೂಪಟವನ್ನು ಮೇಲಿನಿಂದ ಕೆಳಗೆ ನೋಡುತ್ತೇವೆ, ಇದನ್ನು ಕೆಳಗಿನಿಂದ ಮೇಲಕ್ಕೆ. ನಮ್ಮ ನಾಡಿನವರಿಗೆ ಇಲ್ಲೊಂದು ಭಾಗ್ಯವಿದೆ. ಬೆಂಗಳೂರಿನಿಂದ ಧ್ರುವನಕ್ಷತ್ರ ಉತ್ತರದ ಅಂಚಿನಿಂದ ಸುಮಾರು ೧೩ ಡಿಗ್ರಿ ಎತ್ತರದಲ್ಲಿದೆ. ಚೈತ್ರ ವೈಶಾಖಗಳ ರಾತ್ರಿಯಲ್ಲಿ ತ್ರಿಶಂಕು ದಕ್ಷಿಣದ ಅಂಚಿನಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಬರುತ್ತಾನೆ. ನಿಶ್ಚಲವಾದ ಪದವಿ ಪಡೆದ ಧ್ರುವನೂ ನಡುವೆಯೇ ನಿಂತುಹೋದ ತ್ರಿಶಂಕುವೂ ಒಂದೇ ಚಿತ್ರದ ಎರಡು ಅಂಚುಗಳಲ್ಲಿ ಎದುರುಬದುರಾಗಿ ನಿಲ್ಲುವುದನ್ನು ಯೂರೋಪಿನ ಯಾವ ಕ್ಯಾಮರಾವೂ ಕಾಣಲಾರದು.

ಪ್ರತಿ ಚಿತ್ರದ ಉತ್ತರ-ದಕ್ಷಿಣದ ನಡುಗೆರೆಯನ್ನಷ್ಟೇ ಕತ್ತರಿಸಿ, ಒಂದರ ಪಕ್ಕದಲ್ಲೊಂದು ಜೋಡಿಸಿದರೆ ಇಡೀ ರಾತ್ರಿಯ ಕಥೆ ಒಂದು ಪಟ್ಟಿಯಾಗುತ್ತದೆ. ಮೋಡ ಬಂದದ್ದೆಷ್ಟು ಹೊತ್ತಿಗೆ, ಚಂದ್ರ ಮುಳುಗಿದ್ದೆಂದು, ಎಲ್ಲವೂ ಅದರಲ್ಲಿ. ಇದಕ್ಕೆ ‘ಕಿಯೋಗ್ರಾಮ್’ ಎಂದು ಹೆಸರು. ಧ್ರುವಪ್ರಭೆಗೆ ಉತ್ತರ ಅಮೆರಿಕದ ಇನ್ಯುಯಿಟ್ ಜನ ಹೇಳುವ ಮಾತಿನಿಂದ ಬಂದದ್ದು. ಹಿಮನಾಡಿನ ಬೇಟೆಗಾರರ ನುಡಿ ಹೀಗೆ ವಿಜ್ಞಾನದ ಕೋಶವನ್ನು ಸೇರಿತು.

ಮನೆಯವರು ಕಟ್ಟಿದ ಕ್ಯಾಮರಾಗಳಿಂದ ಏನಾದೀತು ಎನ್ನುವವರಿಗೆ ೨೦೨೧ರ ಫೆಬ್ರವರಿ ೨೮ರ ರಾತ್ರಿ ಉತ್ತರ ಕೊಟ್ಟಿತು. ಇಂಗ್ಲೆಂಡಿನ ಮೇಲೆ ಹಾದ ಅಗ್ನಿಗೋಳವೊಂದನ್ನು ಹನ್ನೆರಡಕ್ಕೂ ಹೆಚ್ಚು ಕ್ಯಾಮರಾಗಳು ಸೆರೆಹಿಡಿದವು. ಅವುಗಳಲ್ಲಿ ಅನೇಕವು ಹವ್ಯಾಸಿಗಳ ಮನೆಗಳ ಮೇಲಿದ್ದವು. ಕೂಡಲೇ ಲೆಕ್ಕ ಹಾಕಿ, ವಿಂಚ್‌ಕೋಂಬ್ ಎಂಬ ಚಿಕ್ಕ ಊರಿನ ಸುತ್ತ ಕಲ್ಲು ಬಿದ್ದಿರಬೇಕೆಂದು ಸಾರಿದರು. ಮಾರನೆಯ ಬೆಳಿಗ್ಗೆ ಒಂದು ಮನೆಯ ಮುಂದಿನ ದಾರಿಯಲ್ಲಿ ಕರಿಯ ಪುಡಿ ಚೆಲ್ಲಿತ್ತು! ಮಳೆ ಬೀಳುವ ಮುನ್ನ ಕೂಡಿಸಿಟ್ಟದ್ದರಿಂದ ಅದು ಕೆಡದೆ ಉಳಿಯಿತು. ಒಟ್ಟು ಅರ್ಧ ಕಿಲೋವಿಗೆ ತುಸು ಹೆಚ್ಚು. ಅದು ಇಂಗಾಲ ತುಂಬಿದ ಅಪರೂಪದ ಜಾತಿಯ ಕಲ್ಲು. ಅದರ ಖನಿಜಗಳಲ್ಲಿ ಅಡಗಿದ್ದ ನೀರಿನ ಲಕ್ಷಣ ನಮ್ಮ ಭೂಮಿಯ ನೀರಿನ ಲಕ್ಷಣವನ್ನು ಹೋಲುತ್ತದೆ. ಕೆಲವು ದಿನ ತಡವಾಗಿದ್ದರೆ ಅದು ಬರಿಯ ಕೆಸರಾಗುತ್ತಿತ್ತು.

ನಮ್ಮ ದೇಶದಲ್ಲೂ ಈ ಕಣ್ಣು ತೆರೆದಿದೆ. ಬೆಂಗಳೂರಿನಲ್ಲಿ ಕೇಂದ್ರವಿರುವ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಲಡಾಖಿನ ಹಾನ್ಲೆಯಲ್ಲಿ, ಸುಮಾರು ೪೫೦೦ ಮೀಟರ್ ಎತ್ತರದಲ್ಲಿದೆ. ಅಲ್ಲಿಯ ದೊಡ್ಡ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಅಲ್ಲಿನ ಸರ್ವಾಕಾಶ ಕ್ಯಾಮರಾ ೨೦೨೩ರ ಏಪ್ರಿಲ್ ೨೨-೨೩ರ ರಾತ್ರಿಯೂ, ಮತ್ತೆ ೨೦೨೪ರ ಮೇ ೧೦-೧೧ರ ರಾತ್ರಿಯೂ ಉತ್ತರ ದಿಗಂತದಲ್ಲಿ ಕೆಂಪು ಬೆಳಕನ್ನು ಹಿಡಿಯಿತು. ದೂರದ ಉತ್ತರದಲ್ಲಿ, ಬಹು ಎತ್ತರದಲ್ಲಿ, ಆಮ್ಲಜನಕದ ಪರಮಾಣುಗಳು ಸೂಸಿದ ಬೆಳಕು ಅದು. ಬರಿಗಣ್ಣಿಗೆ ಅರೆಬರೆಯಾಗಿ ತೋರುವುದನ್ನು ತಾಳ್ಮೆಯ ಕಣ್ಣು ಸ್ಪಷ್ಟವಾಗಿ ಕಂಡಿತು.

ಹಾನ್ಲೆ ದೂರವಾಯಿತು; ನಮ್ಮ ಊರುಗಳ ಮಾತೇನು? ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ನಮ್ಮ ನಾಡಿನ ಹೆಸರುಗಳಿವೆ. ೧೮೬೫ರ ಸೆಪ್ಟೆಂಬರಿನಲ್ಲಿ ಮೈಸೂರು ಸೀಮೆಯ ಮದ್ದೂರಿನಲ್ಲಿ ಒಂದು ಕಲ್ಲು ಬಿತ್ತು, ೧೮೬೬ರಲ್ಲಿ ಉಡುಪಿಯಲ್ಲಿ ಇನ್ನೊಂದು. ಕಲ್ಲಿನ ಜಾತಿ ಯಾವುದೆಂದು ವಿದ್ವಾಂಸರು ಪರೀಕ್ಷಿಸಿ ಬರೆದಿಟ್ಟಿದ್ದಾರೆ. ಆದರೆ ಅವು ಯಾವ ದಾರಿಯಿಂದ, ಯಾವ ವೇಗದಿಂದ, ಯಾವ ನೆರೆಯಿಂದ ಬಂದವು ಎಂಬುದನ್ನು ಇನ್ನು ಯಾರೂ ಹೇಳಲಾರರು. ಆ ರಾತ್ರಿ ಹಗಲುಗಳನ್ನು ನೋಡುತ್ತಿದ್ದ ಯಂತ್ರದ ಕಣ್ಣು ಎಲ್ಲಿಯೂ ಇರಲಿಲ್ಲ. ಇನ್ನೊಂದು ಕಲ್ಲು ನಾಳೆ ಬಿದ್ದರೆ, ಐವತ್ತು ಅರುವತ್ತು ಮೈಲಿ ಅಂತರದ ಎರಡು ಪಟ್ಟಣಗಳ ತಾರಸಿಗಳ ಮೇಲೆ ಎರಡು ಪೈಪುಗಳು ನಿಂತಿದ್ದರೆ, ಗಡಿಯಾರ ಸರಿಯಾಗಿದ್ದರೆ, ಅದರ ವಂಶಾವಳಿಯನ್ನು ಹೇಳಬಹುದು.

ಕಲ್ಲು ಬೀಳದಿದ್ದರೂ ಒಂದು ಕೆಲಸ ತಪ್ಪದೆ ಆಗುತ್ತದೆ. ಪಟ್ಟಣದ ಮೇಲಿನ ಸರ್ವಾಕಾಶ ಚಿತ್ರದಲ್ಲಿ ಅಂಚಿನ ಸುತ್ತ ಮಂಕು ಬೆಳಕಿನ ಬಳೆಯೊಂದು ಕಾಣುತ್ತದೆ. ಅದು ಬೀದಿದೀಪ, ಜಾಹೀರಾತುಗಳ ಬೆಳಕು. ವರ್ಷದಿಂದ ವರ್ಷಕ್ಕೆ ಒಂದೇ ತಾರಸಿಯ ಚಿತ್ರಗಳನ್ನು ಹೋಲಿಸಿದರೆ ಆ ಬಳೆ ಎಷ್ಟು ದಪ್ಪವಾಗುತ್ತಿದೆ, ಎಷ್ಟು ನಕ್ಷತ್ರಗಳನ್ನು ನುಂಗಿತು ಎಂಬುದನ್ನು ಎಣಿಸಿ ಹೇಳಬಹುದು. ಅಜ್ಜ ಕಂಡ ಆಕಾಶಗಂಗೆಯನ್ನು ಮೊಮ್ಮಗ ಕಾಣದೆ ಹೋಗುತ್ತಿರುವ ಪಟ್ಟಣಗಳು ಕಡಿಮೆಯೇನಲ್ಲ. ಹೀಗೆ ಕಳೆದುಹೋಗುತ್ತಿರುವುದರ ಲೆಕ್ಕವನ್ನಾದರೂ ಇಡುವುದು ನಮ್ಮ ಕರ್ತವ್ಯ. ಕಾರ್ತಿಕದ ಮೋಡ ಸರಿದ ಮೇಲೆ, ಡಿಸೆಂಬರ್ ಮಧ್ಯದಲ್ಲಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಸುರಿಯುವ ದಿನಗಳಿಗೆ ಮುಂಚೆ, ಹೈಸ್ಕೂಲಿನ ಹುಡುಗ ಹುಡುಗಿಯರು ಮೇಷ್ಟರ ಜೊತೆ ಕೂಡಿ ಇಂಥದೊಂದನ್ನು ಕಟ್ಟಿ ನಿಲ್ಲಿಸಬಹುದು. ಬಕೀಟಿನಲ್ಲಿ ಆರಂಭವಾದ ವಿದ್ಯೆ ಇದು. ಪೈಪಿನಲ್ಲಿ ಮುಂದುವರಿಯಲು ಅಡ್ಡಿಯಿಲ್ಲ.